ಡೆಲ್ಫ್ಟ್ ಪುರಸಭೆಯ ನೌಕರ

ಹಾಲೆಂಡ್ ದೇಶದಲ್ಲಿ ಡೆಲ್ಫ್ಟ್ ಎಂಬ ಒಂದು ಹಳೆಯ ಊರಿದೆ. ಊರಿನ ಬೀದಿಗಳ ನಡುವೆ ಕಾಲುವೆಗಳು ಹರಿಯುತ್ತವೆ. ಕಾಲುವೆಗಳ ಮೇಲೆ ಕಮಾನಿನ ಸೇತುವೆಗಳಿವೆ. ದಡದ ಉದ್ದಕ್ಕೂ ಇಟ್ಟಿಗೆಯ ಕಿರಿದಾದ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಹದಿನೇಳನೆಯ ಶತಮಾನದಲ್ಲಿ ಈ ಊರಿನ ಜನಸಂಖ್ಯೆ ಸುಮಾರು 25,000. ಒಂದು ಕಾಲಕ್ಕೆ ಬಿಯರ್ ಮದ್ಯವನ್ನು ತಯಾರಿಸುವ ಭಟ್ಟಿಗಳಿಂದ ಹೆಸರಾಗಿದ್ದ ಡೆಲ್ಫ್ಟ್, ಆ ಉದ್ಯಮವು ಇಳಿಮುಖವಾದ ಮೇಲೆ ನೀಲಿ ಚಿತ್ತಾರದ ಪಿಂಗಾಣಿ ಪಾತ್ರೆಗಳಿಂದ ಪ್ರಸಿದ್ಧವಾಯಿತು. ಪೂರ್ವದೇಶಗಳೊಡನೆ ವ್ಯಾಪಾರ ನಡೆಸುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಶಾಖೆಗಳಲ್ಲೊಂದು ಅಲ್ಲಿದ್ದಿತು.

ಊರಿನ ನಡುವಣ ವಿಶಾಲವಾದ ಪೇಟೆಯ ಬಯಲಿನ ಒಂದು ಕೊನೆಗೆ ಎತ್ತರವಾದ ಗೋಪುರವುಳ್ಳ ಹೊಸ ಇಗರ್ಜಿ, ಅದಕ್ಕೆ ಎದುರಾಗಿ ಇನ್ನೊಂದು ಕೊನೆಗೆ ಪುರಭವನ. ಹಳೆಯ ಪುರಭವನವು 1618ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿದ ಕಟ್ಟಡವಿದು. ಊರಿನ ಆಡಳಿತವೆಲ್ಲವೂ ಇಲ್ಲಿಂದಲೇ ನಡೆಯುತ್ತಿದ್ದಿತು. ನಲವತ್ತು ಮಂದಿ ಗಣ್ಯರ ಒಂದು ಸಭೆ ಊರಿಗೆ ಒಡೆಯನಂತಿದ್ದಿತು. ಜನರು ಮತ ಕೊಟ್ಟು ಅವರನ್ನು ಆರಿಸುತ್ತಿರಲಿಲ್ಲ. ಒಮ್ಮೆ ಸದಸ್ಯನಾದವನು ಬದುಕಿರುವವರೆಗೂ ಸದಸ್ಯನೇ. ಒಬ್ಬನು ತೀರಿಕೊಂಡರೆ ಉಳಿದವರು ತಮಗೆ ಬೇಕಾದ ಇನ್ನೊಬ್ಬನನ್ನು ಸೇರಿಸಿಕೊಳ್ಳುತ್ತಿದ್ದರು. ನಿತ್ಯದ ಆಡಳಿತವನ್ನು ನೋಡಿಕೊಳ್ಳಲು ನಾಲ್ವರು ನಗರಾಧ್ಯಕ್ಷರು. ವ್ಯಾಜ್ಯಗಳನ್ನು ತೀರ್ಮಾನಿಸಲು ಏಳು ಮಂದಿ ನ್ಯಾಯಸಭಾಸದರು. ಮನೆಮಾರುಗಳ ಕ್ರಯಪತ್ರ, ದಿವಾಳಿ ತೆಗೆದವರ ಆಸ್ತಿ, ಅನಾಥ ಮಕ್ಕಳ ಪಾಲು, ಕಳ್ಳತನ, ಹೊಡೆದಾಟ—ಎಲ್ಲವೂ ಈ ಏಳು ಮಂದಿಯ ಮುಂದೆ ಬರುತ್ತಿದ್ದವು.

ಸಭೆ ಸೇರುವವರು ಬೆರಳೆಣಿಕೆಯ ಗಣ್ಯರು. ಆದರೆ ಊರಿನ ಬಾಳು ಸಾಗಬೇಕಾದರೆ ನೌಕರರು ಬೇಕು. ಸೇತುವೆ, ಕಾಲುವೆಗಳ ದುರಸ್ತಿಯನ್ನು ನೋಡಿಕೊಳ್ಳಬೇಕು. ರಾತ್ರಿ ಪಹರೆಯವರು ಬೀದಿ ಸುತ್ತಬೇಕು. ಪೇಟೆಯ ತಕ್ಕಡಿಯನ್ನೂ ಅಳತೆಯನ್ನೂ ಪರೀಕ್ಷಿಸಬೇಕು. ಬಡವರಿಗೆ ಔಷಧ ಕೊಡಲು ಊರಿನ ಸಂಬಳದ ವೈದ್ಯರಿರಬೇಕು. ಸಭೆಯ ಕೋಣೆಗೆ ಬೀಗ ತೆಗೆಯುವವನೊಬ್ಬ, ದಾಖಲೆ ಬರೆಯುವವನೊಬ್ಬ. ಇಂಥ ನೌಕರಿಗಳನ್ನು ಹಂಚುವ ಅಧಿಕಾರ ಊರಿನ ಹಿರಿಯರ ಕೈಯಲ್ಲಿತ್ತು. ಇದಕ್ಕೆ ಸಾಮಾನ್ಯವಾಗಿ ಅರ್ಜಿಗಳ ಸ್ಪರ್ಧೆಯಾಗಲಿ ಪರೀಕ್ಷೆಯಾಗಲಿ ಇರಲಿಲ್ಲ. ಅಭ್ಯರ್ಥಿ ಯಾರ ಮಗ, ಯಾರ ಅಳಿಯ, ನಂಬಬಹುದಾದವನೋ ಅಲ್ಲವೋ ಎಂಬುದನ್ನು ನೋಡಿ ನೇಮಿಸುತ್ತಿದ್ದರು. ಹೀಗೆ ನೇಮಕಗೊಂಡ ನೂರಾರು ಮಂದಿಯ ಹೆಸರುಗಳು ಡೆಲ್ಫ್ಟಿನ ಹಳೆಯ ಕಡತಗಳಲ್ಲಿ ಮಲಗಿವೆ. ಅವುಗಳಲ್ಲಿ ಒಂದು ಹೆಸರನ್ನು ನೀವು ವಿಜ್ಞಾನದ ಪಾಠಗಳಲ್ಲಿ ಓದಿದ್ದೀರಿ. ಬರಿಯ ಕಣ್ಣಿಗೆ ಕಾಣದ ಜೀವಿಗಳ ಲೋಕವನ್ನು ಮೊಟ್ಟಮೊದಲು ಕಂಡ ಆಂಟನಿ ವಾನ್ ಲೀವೆನ್‌ಹಾಕ್ ಡೆಲ್ಫ್ಟ್ ಪುರಸಭೆಯ ಒಬ್ಬ ನೌಕರನಾಗಿದ್ದನು.

ಲೀವೆನ್‌ಹಾಕನು 1632ನೆಯ ಇಸವಿ ಅಕ್ಟೋಬರ್ 24ರಂದು ಡೆಲ್ಫ್ಟಿನಲ್ಲಿ ಹುಟ್ಟಿದನು. ತಂದೆ ಬುಟ್ಟಿ ಹೆಣೆಯುವ ಕಸುಬಿನವನು. ತಾಯಿ ಬಿಯರ್ ಭಟ್ಟಿಯ ಅನುಕೂಲಸ್ಥ ಮನೆತನದವಳು. ಬಾಲಕನಿಗೆ ಐದು ವರ್ಷ ತುಂಬಿ ಆರು ತುಂಬುವ ಮೊದಲೇ ತಂದೆ ತೀರಿಕೊಂಡನು. ಎರಡು ವರ್ಷಗಳ ತರುವಾಯ ತಾಯಿ ಒಬ್ಬ ಚಿತ್ರಕಾರನನ್ನು ಮರುಮದುವೆಯಾದಳು. ಹುಡುಗನನ್ನು ಪರವೂರಿನ ಶಾಲೆಗೆ ಕಳುಹಿಸಿದರು. ಅನಂತರ ಕೆಲವು ಕಾಲ ಅವನು ಒಬ್ಬ ಬಂಧುವಿನ ಮನೆಯಲ್ಲಿದ್ದನು. ಆ ಬಂಧು ಒಂದು ಹಳ್ಳಿಯ ಆಡಳಿತಾಧಿಕಾರಿ, ಕಾನೂನು ಬಲ್ಲವನು. ಊರಿನ ಲೆಕ್ಕಪತ್ರಗಳು ಹೇಗಿರುತ್ತವೆ, ಅರ್ಜಿ ಹಿಡಿದು ಬಂದವರೊಡನೆ ಹೇಗೆ ಮಾತನಾಡಬೇಕು ಎಂಬುದರ ಮೊದಲ ಪರಿಚಯ ಬಾಲಕನಿಗೆ ಈ ಮನೆಯಲ್ಲಿ ಆಗಿದ್ದರೆ ಆಶ್ಚರ್ಯವಿಲ್ಲ. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಅವನು ಹತ್ತಲಿಲ್ಲ. ಆ ಕಾಲದ ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನನ್ನೂ ಕಲಿಯಲಿಲ್ಲ. ಅವನಿಗೆ ಬರುತ್ತಿದ್ದುದು ತಾಯ್ನುಡಿಯಾದ ಡಚ್ ಒಂದೇ.

ಹದಿನಾರನೆಯ ವಯಸ್ಸಿನಲ್ಲಿ ಅವನನ್ನು ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಕಳುಹಿಸಿ ಬಟ್ಟೆ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟರು. ಅಲ್ಲಿ ಲೆಕ್ಕ ಬರೆಯುವುದನ್ನೂ ನೂಲಿನ ಗುಣವನ್ನು ಪರೀಕ್ಷಿಸುವುದನ್ನೂ ಕಲಿತು, 1654ರಲ್ಲಿ ಡೆಲ್ಫ್ಟಿಗೆ ಮರಳಿದನು. ಅದೇ ವರ್ಷ ಬಾರ್ಬರಾ ಎಂಬುವಳನ್ನು ಮದುವೆಯಾಗಿ, ಒಂದು ಮನೆಯನ್ನು ಕೊಂಡು ಬಟ್ಟೆಯಂಗಡಿಯನ್ನು ತೆರೆದನು. ಸಂಸಾರ ಹೂಡಿ ಕೆಲವೇ ತಿಂಗಳಾಗಿದ್ದಿತು. ಅಕ್ಟೋಬರ್ 12ರಂದು ಊರಿನೊಳಗೆ ಕೂಡಿಟ್ಟಿದ್ದ ಸಿಡಿಮದ್ದಿನ ಉಗ್ರಾಣ ಸ್ಫೋಟಗೊಂಡು ಡೆಲ್ಫ್ಟಿನ ಒಂದು ಭಾಗವೇ ನೆಲಸಮವಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಊರನ್ನು ಮತ್ತೆ ಕಟ್ಟುವ ಹೊಣೆ ಪುರಸಭೆಯ ಮೇಲೆ ಬಿದ್ದಿತು. ಲೀವೆನ್‌ಹಾಕನ ಮನೆಗೆ ಕೇಡಾಗಲಿಲ್ಲ. ಆದರೆ ಅವನ ಸಂಸಾರದಲ್ಲಿ ದುಃಖ ತಪ್ಪಲಿಲ್ಲ. ಹುಟ್ಟಿದ ಐದು ಮಕ್ಕಳಲ್ಲಿ ಉಳಿದವಳು ಮರಿಯಾ ಎಂಬ ಒಬ್ಬಳೇ ಮಗಳು. ಬಾರ್ಬರಾ 1666ರಲ್ಲಿ ತೀರಿಕೊಂಡಳು. ಐದು ವರ್ಷಗಳಾದ ಮೇಲೆ ಅವನು ಕಾರ್ನೀಲಿಯಾ ಎಂಬುವಳನ್ನು ಮದುವೆಯಾದನು.

ಪುರಸಭೆಯು ಅವನನ್ನು ಮೊದಲು ಕೆಲಸಕ್ಕೆ ತೆಗೆದುಕೊಂಡುದು 1660ರಲ್ಲಿ. ಏಳು ಮಂದಿ ನ್ಯಾಯಸಭಾಸದರು ಕುಳಿತುಕೊಳ್ಳುವ ಕೋಣೆಯ ಪಾಲಕನನ್ನಾಗಿ ಅವನನ್ನು ನೇಮಿಸಿದರು. ಆ ನೇಮಕದ ಆದೇಶವು ಉಳಿದುಬಂದಿದೆ. ಅವನು ಮಾಡಬೇಕಾದ ಕೆಲಸಗಳನ್ನು ಅದರಲ್ಲಿ ಒಂದೊಂದಾಗಿ ಬರೆದಿದ್ದಾರೆ. ಸಭೆ ಸೇರುವ ದಿನಗಳಲ್ಲಿ ಕೋಣೆಯ ಬಾಗಿಲನ್ನು ತೆರೆಯಬೇಕು, ಸಭೆ ಮುಗಿದ ಮೇಲೆ ಮುಚ್ಚಬೇಕು. ಸಭಾಸದರಲ್ಲಿ ಗೌರವದಿಂದ ನಡೆದುಕೊಂಡು ಅವರು ಹೇಳಿದ ಕೆಲಸವನ್ನು ನಿಷ್ಠೆಯಿಂದ ಮಾಡಬೇಕು. ಒಳಗೆ ಕಿವಿಗೆ ಬಿದ್ದ ಮಾತನ್ನು ಹೊರಗೆ ಆಡಕೂಡದು. ಕೋಣೆಯನ್ನು ಗುಡಿಸಿ ಚೊಕ್ಕಟವಾಗಿಡಬೇಕು. ಚಳಿಗಾಲದಲ್ಲಿ ಅಗ್ಗಿಷ್ಟಿಕೆಗೆ ಬೆಂಕಿ ಹೂಡಬೇಕು. ಉರಿದು ಉಳಿದ ಇದ್ದಿಲನ್ನು ತಾನೇ ಇಟ್ಟುಕೊಳ್ಳಬಹುದು. ಬೆಂಕಿಯಿಂದಾಗಲಿ ಮೇಣದ ಬತ್ತಿಗಳಿಂದಾಗಲಿ ಅನಾಹುತವಾಗದಂತೆ ನೋಡಿಕೊಳ್ಳಬೇಕು. ಒಮ್ಮೆ ಪುರಭವನವೇ ಸುಟ್ಟುಹೋಗಿದ್ದ ಊರಿನಲ್ಲಿ ಈ ಕೊನೆಯ ಎಚ್ಚರಿಕೆ ಕೇವಲ ಬಾಯುಪಚಾರದ ಮಾತಾಗಿರಲಾರದು. ಇಷ್ಟಕ್ಕೂ ಸಂಬಳ ವರ್ಷಕ್ಕೆ 300 ಗಿಲ್ಡರುಗಳಿಗಿಂತ ಸ್ವಲ್ಪ ಹೆಚ್ಚು.

ಈ ಆದೇಶವನ್ನು ಓದಿದ ಕೆಲವರು ಲೀವೆನ್‌ಹಾಕನನ್ನು ಪುರಭವನದ ಕಸ ಗುಡಿಸುವ ಜವಾನನೆಂದು ಬರೆದುಬಿಟ್ಟಿದ್ದಾರೆ. ಅದು ಅಷ್ಟು ಸರಿಯಲ್ಲ. ಅಂಗಡಿ, ಮನೆ ಉಳ್ಳ ಗೃಹಸ್ಥನು ತಾನೇ ಪೊರಕೆ ಹಿಡಿದಿರಲಾರನು, ಆಳುಗಳಿಂದ ಮಾಡಿಸಿರಬೇಕು ಎಂದು ಚರಿತ್ರಕಾರರಲ್ಲಿ ಹಲವರು ಭಾವಿಸುತ್ತಾರೆ. ಹಾಗಾದರೆ ಇದು ಊರಿನ ಹಿರಿಯರು ತಮಗೆ ಬೇಕಾದವನಿಗೆ ದಯಪಾಲಿಸಿದ, ದುಡಿಮೆಗಿಂತ ಸಂಬಳವೇ ಹೆಚ್ಚಾದ ನೌಕರಿಯಾಗಿತ್ತೇ? ಸ್ವಲ್ಪ ಮಟ್ಟಿಗೆ ಹೌದೆನ್ನಬೇಕು. ಅವನ ತಾಯಿಯ ಕಡೆಯವರು ಊರಿನಲ್ಲಿ ಪ್ರತಿಷ್ಠಿತರು. ಆ ಸಂಬಂಧದ ಬಲವಿಲ್ಲದಿದ್ದರೆ ಇಪ್ಪತ್ತೆಂಟು ವರ್ಷದ ಬಟ್ಟೆ ವ್ಯಾಪಾರಿಗೆ ಆ ಬೀಗದ ಕೈ ದೊರೆಯುತ್ತಿತ್ತೆಂದು ಹೇಳುವುದು ಕಷ್ಟ. ಊರಿನವರು ತೆತ್ತ ಸುಂಕದ ಹಣದಿಂದ ಹೀಗೆ ನೌಕರಿ ಹಂಚುವುದು ನ್ಯಾಯವೆಂದು ಈಗ ಯಾರೂ ಒಪ್ಪಲಾರರು. ಡೆಲ್ಫ್ಟಿನಲ್ಲಿ ಹೀಗೆ ನೌಕರಿ ಪಡೆದು ಹೆಸರಿಲ್ಲದೆ ಹೋದವರ ಸಂಖ್ಯೆಯೇ ದೊಡ್ಡದು. ಆದರೆ ಈ ಒಬ್ಬ ನೌಕರನಿಗೆ ಆ ಸಂಬಳವು ಅಂಗಡಿಯ ಲಾಭನಷ್ಟಗಳ ಚಿಂತೆಯನ್ನು ಕಡಿಮೆ ಮಾಡಿತು, ಬಿಡುವನ್ನು ತಂದುಕೊಟ್ಟಿತು. ಆ ಬಿಡುವನ್ನು ಅವನು ಏನು ಮಾಡಿದನೆಂಬುದನ್ನು ಊರಿನ ಹಿರಿಯರು ಎಷ್ಟೋ ವರ್ಷ ತಿಳಿಯಲೇ ಇಲ್ಲ.

ಮುಂದೆ ಸಿಕ್ಕಿದ ಕೆಲಸಗಳು ಬರಿಯ ದಾಕ್ಷಿಣ್ಯದಿಂದ ಸಿಕ್ಕಿದವುಗಳಲ್ಲ. ಭೂಮಿಯನ್ನು ಅಳೆಯುವ ಮೋಜಣಿದಾರನಾಗಬೇಕಾದರೆ ಹಾಲೆಂಡಿನ ಉಚ್ಚ ನ್ಯಾಯಾಲಯದ ಅನುಮತಿ ಬೇಕಾಗಿತ್ತು. ಅದಕ್ಕೆ ಗಣಿತ ಬಲ್ಲವರ ಮುಂದೆ ಪರೀಕ್ಷೆ ಕೊಡಬೇಕಾಗಿತ್ತು. ಲೀವೆನ್‌ಹಾಕನು ಯಾವ ಗುರುಕುಲಕ್ಕೂ ಹೋಗದೆ ರೇಖಾಗಣಿತವನ್ನು ಕಲಿತು 1669ರ ಫೆಬ್ರವರಿಯಲ್ಲಿ ಆ ಪರೀಕ್ಷೆಯಲ್ಲಿ ತೇರ್ಗಡೆಯಾದನು. 1677ರಲ್ಲಿ ಊರಿನ ಬಡಾವಣೆಗಳ ಮೇಲ್ವಿಚಾರಕರಿಗೆ ಮುಖ್ಯಸ್ಥನಾದನು. 1679ರ ಆಗಸ್ಟಿನಲ್ಲಿ ಪುರಸಭೆಯು ಅವನನ್ನು ದ್ರಾಕ್ಷಾರಸದ ಅಳತೆಗಾರನನ್ನಾಗಿ ನೇಮಿಸಿತು.

ಈ ಅಳತೆಗಾರನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಊರಿಗೆ ಬರುವ ದ್ರಾಕ್ಷಾರಸ, ಬ್ರಾಂದಿ ಮುಂತಾದ ಮದ್ಯಗಳ ಮೇಲೆ ಸುಂಕವಿತ್ತು. ಪುರಸಭೆಯ ಆದಾಯದಲ್ಲಿ ಅದು ಮುಖ್ಯವಾದುದು. ಸುಂಕವನ್ನು ಲೆಕ್ಕ ಹಾಕಲು ಪೀಪಾಯಿಯಲ್ಲಿ ಎಷ್ಟು ಮದ್ಯವಿದೆಯೆಂದು ತಿಳಿಯಬೇಕು. ಪೀಪಾಯಿಯಾದರೋ ನಡುವೆ ಉಬ್ಬಿ ಎರಡು ತುದಿಗಳಲ್ಲಿ ಕಿರಿದಾಗಿರುತ್ತದೆ. ಒಂದೊಂದು ಊರಿನ ಪೀಪಾಯಿಯ ಆಕಾರ ಒಂದೊಂದು ಬಗೆ. ಸುರಿದು ಅಳೆಯಲು ಆಗದು. ಅಳತೆಗಾರನು ಗುರುತುಗಳುಳ್ಳ ಕೋಲೊಂದನ್ನು ಪೀಪಾಯಿಯ ಬಾಯೊಳಗೆ ಇಳಿಸಿ, ಉದ್ದಗಲಗಳನ್ನು ಗುರುತಿಸಿಕೊಂಡು, ಒಳಗಿನ ಘನ ಅಳತೆಯನ್ನು ಗಣಿತದಿಂದ ಕಂಡುಹಿಡಿಯಬೇಕು. ಹೆಚ್ಚು ಹೇಳಿದರೆ ವರ್ತಕನಿಗೆ ನಷ್ಟ, ಕಡಿಮೆ ಹೇಳಿದರೆ ಊರಿಗೆ ನಷ್ಟ. ಅಂಗಡಿಗಳಲ್ಲಿ ಬಳಸುವ ಅಳತೆಯ ಪಾತ್ರೆಗಳು ಸರಿಯಾಗಿವೆಯೇ ಎಂದು ನೋಡುವುದೂ ಅವನ ಕೆಲಸವೇ. ಕಣ್ಣಳತೆಯನ್ನು ನಂಬದೆ ಅಂಕಿಯನ್ನು ನಂಬುವ ಗುಣ ಈ ಕೆಲಸಕ್ಕೆ ಬೇಕು. ಆ ಗುಣ ಅವನಲ್ಲಿ ಮೊದಲಿನಿಂದಲೂ ಇದ್ದಿತು.

ಬಿಡುವಿನ ವೇಳೆಯಲ್ಲಿ ಲೀವೆನ್‌ಹಾಕನು ಮನೆಯ ಒಂದು ಕೋಣೆಯಲ್ಲಿ ಕುಳಿತು ಗಾಜಿನ ಮಸೂರಗಳನ್ನು ತಯಾರಿಸುತ್ತಿದ್ದನು. ಬಟ್ಟೆಯ ನೂಲನ್ನು ಎಣಿಸಲು ವರ್ತಕರು ಬಳಸುತ್ತಿದ್ದ ಭೂತಗನ್ನಡಿಯಿಂದ ಈ ಹವ್ಯಾಸ ಹುಟ್ಟಿತೆಂದು ಹೇಳುವುದುಂಟು. ಅವನು ಮಾಡಿದ ಸೂಕ್ಷ್ಮದರ್ಶಕವನ್ನು ನೋಡಿದವರಿಗೆ ಅದು ಸೂಕ್ಷ್ಮದರ್ಶಕವೆಂದೇ ತೋರದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಎರಡು ಹಿತ್ತಾಳೆಯ ಅಥವಾ ಬೆಳ್ಳಿಯ ತಗಡುಗಳು, ಅವುಗಳ ನಡುವೆ ಸಿಕ್ಕಿಸಿದ ಒಂದು ಪುಟ್ಟ ಮಸೂರ, ಹಿಂದುಗಡೆ ನೋಡಬೇಕಾದ ವಸ್ತುವನ್ನು ಚುಚ್ಚಿ ನಿಲ್ಲಿಸಲು ಒಂದು ಮೊಳೆ, ಅದನ್ನು ಹಿಂದೆ ಮುಂದೆ ಸರಿಸಲು ತಿರುಪು—ಇಷ್ಟೇ. ಇದನ್ನು ಕಣ್ಣಿಗೆ ಒತ್ತಿ ಹಿಡಿದು ಬೆಳಕಿನ ಕಡೆಗೆ ತಿರುಗಬೇಕು. ಉಳಿದುಬಂದಿರುವವುಗಳಲ್ಲಿ ಅತ್ಯಂತ ಬಲವಾದುದು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅಂಥ ಮಸೂರವನ್ನು ತಯಾರಿಸುವ ಬಗೆಯನ್ನು ಅವನು ಯಾರಿಗೂ ಹೇಳಿಕೊಡಲಿಲ್ಲ. ಸಭಾಸದರ ಗುಟ್ಟನ್ನು ಕಾಪಾಡುವ ಹೊಣೆ ಹೊತ್ತವನು ತನ್ನ ಗುಟ್ಟನ್ನೂ ಅಷ್ಟೇ ಭದ್ರವಾಗಿ ಕಾಪಾಡಿಕೊಂಡನು.

ಹೊರಜಗತ್ತಿಗೆ ಅವನನ್ನು ಪರಿಚಯಿಸಿದವನು ಅದೇ ಊರಿನ ತರುಣ ವೈದ್ಯನಾದ ರೈನಿಯರ್ ಡಿ ಗ್ರಾಫ್. ಡಿ ಗ್ರಾಫನು 1673ರ ಏಪ್ರಿಲಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡೆನ್‌ಬರ್ಗನಿಗೆ ಪತ್ರ ಬರೆದು, ತಮ್ಮ ಊರಿನವನೊಬ್ಬನು ಇದುವರೆಗಿನ ಎಲ್ಲ ಸೂಕ್ಷ್ಮದರ್ಶಕಗಳನ್ನೂ ಮೀರಿಸುವಂಥವನ್ನು ಮಾಡಿದ್ದಾನೆಂದು ತಿಳಿಸಿದನು. ಆಗ ಇಂಗ್ಲೆಂಡಿಗೂ ಹಾಲೆಂಡಿಗೂ ಸಮುದ್ರದಲ್ಲಿ ಯುದ್ಧ ನಡೆಯುತ್ತಿತ್ತು. ಆದರೂ ಪತ್ರ ತಲಪಿತು, ಉತ್ತರವೂ ಬಂದಿತು. ಅದೇ ವರ್ಷ ಆಗಸ್ಟಿನಲ್ಲಿ ಡಿ ಗ್ರಾಫನು ಮೂವತ್ತೆರಡರ ಹರೆಯದಲ್ಲಿ ತೀರಿಕೊಂಡನು. ಅವನು ಆರಂಭಿಸಿದ ಪತ್ರವ್ಯವಹಾರವು ಐವತ್ತು ವರ್ಷ ನಡೆಯಿತು.

ಡೆಲ್ಫ್ಟಿನಿಂದ ಎರಡು ಗಂಟೆಯ ದಾರಿಯಲ್ಲಿ ಒಂದು ಕೆರೆಯಿತ್ತು. ಬೇಸಗೆಯಲ್ಲಿ ಅದರ ನೀರು ಹಸುರುಗಟ್ಟುತ್ತಿತ್ತು. ಇಬ್ಬನಿ ಬೀಳುವುದೇ ಅದಕ್ಕೆ ಕಾರಣವೆಂದು ಹಳ್ಳಿಯ ಜನ ನಂಬಿದ್ದರು. 1674ರಲ್ಲಿ ಲೀವೆನ್‌ಹಾಕನು ಆ ನೀರನ್ನು ಸೀಸೆಯಲ್ಲಿ ತಂದು ನೋಡಿದನು. ಸುರುಳಿ ಸುತ್ತಿದ ಹಸುರು ಎಳೆಗಳು ಕಂಡವು. ಅವುಗಳ ನಡುವೆ ಅತ್ತಿತ್ತ ಓಡಾಡುವ ಪುಟ್ಟ ಜೀವಿಗಳೂ ಕಂಡವು. ಅವನು ಅವನ್ನು ಚಿಕ್ಕ ಪ್ರಾಣಿಗಳೆಂದು ಕರೆದನು.

1676ರ ವಸಂತದಲ್ಲಿ ಮೆಣಸು ಏಕೆ ಖಾರವಾಗಿರುತ್ತದೆ ಎಂಬ ಪ್ರಶ್ನೆ ಅವನನ್ನು ಕಾಡಿತು. ಮೆಣಸಿನ ಕಣಗಳಲ್ಲಿ ನಾಲಿಗೆಯನ್ನು ಚುಚ್ಚುವ ಮೊನೆಗಳಿರಬಹುದೆಂಬುದು ಅವನ ಊಹೆ. ಆ ಕಾಲದಲ್ಲಿ ಕರಿಮೆಣಸು ನಮ್ಮ ದೇಶದ ಪಶ್ಚಿಮ ಕರಾವಳಿಯಿಂದಲೂ ಜಾವಾ, ಸುಮಾತ್ರಾಗಳ ಕಡೆಯಿಂದಲೂ ಡಚ್ಚರ ಹಡಗುಗಳಲ್ಲಿ ಯೂರೋಪಿಗೆ ಹೋಗುತ್ತಿತ್ತು. ಅವನು ಮೆಣಸಿನ ಕಾಳುಗಳನ್ನು ಮೆದುವಾಗಿಸಲು ಹಿಮ ಕರಗಿದ ನೀರಿನಲ್ಲಿ ನೆನೆಯಿಟ್ಟನು. ಸುಮಾರು ಮೂರು ವಾರ ಕಳೆದ ಮೇಲೆ, ಏಪ್ರಿಲ್ 24ರಂದು, ಆ ನೀರಿನ ಒಂದು ತೊಟ್ಟನ್ನು ನೋಡಿದಾಗ ಖಾರದ ಮೊನೆಗಳು ಕಾಣಲಿಲ್ಲ. ಕಂಡುದು ಬೇರೆಯೇ. ಕೆರೆಯ ನೀರಿನಲ್ಲಿ ಕಂಡವುಗಳಿಗಿಂತಲೂ ಎಷ್ಟೋ ಚಿಕ್ಕದಾದ ಜೀವಿಗಳು ಲೆಕ್ಕವಿಲ್ಲದಷ್ಟು ಇದ್ದವು. ಇಂದು ನಾವು ಬ್ಯಾಕ್ಟೀರಿಯಾ ಎಂದು ಕರೆಯುವ ಜೀವಿಗಳು ಮನುಷ್ಯನ ಕಣ್ಣಿಗೆ ಬಿದ್ದುದು ಹೀಗೆ. ಕೇಳಿದ ಪ್ರಶ್ನೆಗೆ ಉತ್ತರ ದೊರೆಯದಿದ್ದರೂ ಅವನು ನೀರನ್ನು ಚೆಲ್ಲಿಬಿಡಲಿಲ್ಲವೆಂಬುದನ್ನು ಗಮನಿಸಬೇಕು. ಬೇಸಗೆಯುದ್ದಕ್ಕೂ ಮಳೆನೀರು, ಬಾವಿಯ ನೀರು, ನದಿಯ ನೀರು, ಕಡಲಿನ ನೀರು ಎಲ್ಲವನ್ನೂ ತಂದು ನೋಡಿ ದಿನದಿನದ ವಿವರವನ್ನು ಬರೆದಿಟ್ಟನು.

ಆ ವರ್ಷವೇ ಪುರಸಭೆಯಿಂದ ಅವನಿಗೆ ಮತ್ತೊಂದು ಹೊಣೆ ಬಂದಿತು. ಇಂದು ಜಗತ್ತೆಲ್ಲ ಕೊಂಡಾಡುವ ಚಿತ್ರಕಾರ ಯೊಹಾನೆಸ್ ವರ್ಮೀರನು ಡೆಲ್ಫ್ಟಿನವನೇ. ಲೀವೆನ್‌ಹಾಕನು ಹುಟ್ಟಿದ ತಿಂಗಳಲ್ಲೇ ಅವನ ನಾಮಕರಣವಾದುದು ಅದೇ ಇಗರ್ಜಿಯ ಪುಸ್ತಕದಲ್ಲಿ ದಾಖಲಾಗಿದೆ. ಫ್ರಾನ್ಸಿನೊಡನೆ ನಡೆದ ಯುದ್ಧದ ಕಾರಣ ಚಿತ್ರಗಳ ವ್ಯಾಪಾರ ನಿಂತು, ವರ್ಮೀರನು ಸಾಲದಲ್ಲಿ ಮುಳುಗಿ 1675ರ ಡಿಸೆಂಬರಿನಲ್ಲಿ ತೀರಿಕೊಂಡನು. ಹನ್ನೊಂದು ಮಕ್ಕಳ ತಾಯಿಯಾದ ಅವನ ಹೆಂಡತಿಗೆ ಸಾಲ ತೀರಿಸುವ ದಾರಿ ಕಾಣಲಿಲ್ಲ. ರೊಟ್ಟಿಯ ಅಂಗಡಿಯವನಿಗೇ 600 ಗಿಲ್ಡರುಗಳಿಗೂ ಮೀರಿದ ಬಾಕಿ ಇದ್ದಿತು. ಅದಕ್ಕಾಗಿ ಅವಳು ಗಂಡನ ಎರಡು ಚಿತ್ರಗಳನ್ನು ಅವನಿಗೆ ಒಪ್ಪಿಸಬೇಕಾಯಿತು. ಕೊನೆಗೆ ಅವಳು ದಿವಾಳಿಯನ್ನು ಒಪ್ಪಿಕೊಳ್ಳಲು, ಆ ಆಸ್ತಿಯನ್ನು ನೋಡಿಕೊಂಡು ಸಾಲಗಾರರಿಗೆ ಹಂಚಲು ನ್ಯಾಯಸಭಾಸದರು 1676ರ ಸೆಪ್ಟೆಂಬರ್ 30ರಂದು ತಮ್ಮ ಕೋಣೆಯ ಪಾಲಕನನ್ನೇ ನೇಮಿಸಿದರು.

ಇದು ಯಾರಿಗೂ ಪ್ರಿಯವಾಗುವ ಕೆಲಸವಲ್ಲ. ವರ್ಮೀರನು ಬರೆದ ಒಂದು ಶ್ರೇಷ್ಠ ಚಿತ್ರವನ್ನು, ಚಿತ್ರಕಲೆಯನ್ನೇ ವಸ್ತುವಾಗಿ ಉಳ್ಳುದನ್ನು, ವಿಧವೆಯು ತನ್ನ ತಾಯಿಗೆ ಕೊಡಬೇಕಾದ ಸಾಲಕ್ಕೆಂದು ಅವಳ ಹೆಸರಿಗೆ ಬರೆದುಕೊಟ್ಟಿದ್ದಳು. ಲೀವೆನ್‌ಹಾಕನು ಅದನ್ನು ಒಪ್ಪಲಿಲ್ಲ. ಚಿತ್ರವು ದಿವಾಳಿಯ ಆಸ್ತಿಗೆ ಸೇರಿದ್ದು, ಎಲ್ಲ ಸಾಲಗಾರರಿಗೂ ಅದರಲ್ಲಿ ಪಾಲಿದೆ ಎಂಬುದು ಅವನ ನಿಲುವು. ವಿಧವೆಯ ತಾಯಿ ಪ್ರತಿಭಟಿಸಿದರೂ 1677ರ ಮಾರ್ಚಿನಲ್ಲಿ ಚಿತ್ರಗಳ ಹರಾಜನ್ನು ನಡೆಸಲು ಮುಂದಾದನು. ಹನ್ನೊಂದು ಮಕ್ಕಳ ಆ ಮನೆಯನ್ನು ನೆನೆದರೆ ಅವನ ಬಿಗಿ ಕಠಿಣವಾಗಿ ತೋರುತ್ತದೆ. ಬಾಕಿ ಬರಬೇಕಾದ ಸಣ್ಣ ಅಂಗಡಿಕಾರರನ್ನು ನೆನೆದರೆ ಅವನನ್ನು ತೆಗಳುವುದೂ ಸುಲಭವಲ್ಲ. ನೌಕರನಾದವನಿಗೆ ಇಂಥ ಇಕ್ಕಟ್ಟು ತಪ್ಪಿದ್ದಲ್ಲ.

ಈ ನೇಮಕವಾದ ಒಂಬತ್ತನೆಯ ದಿನ, ಅಂದರೆ ಅಕ್ಟೋಬರ್ 9ರಂದು, ಲೀವೆನ್‌ಹಾಕನು ತನ್ನ ಜೀವಮಾನದ ಅತ್ಯಂತ ಪ್ರಸಿದ್ಧವಾದ ಪತ್ರವನ್ನು ಲಂಡನ್ನಿಗೆ ಬರೆದನು. ನೀರಿನಲ್ಲಿರುವ ಚಿಕ್ಕ ಪ್ರಾಣಿಗಳ ವೃತ್ತಾಂತವೆಲ್ಲ ಅದರಲ್ಲಿದ್ದಿತು. ಅಲ್ಲಿನ ವಿದ್ವಾಂಸರಿಗೆ ನಂಬಿಕೆ ಹುಟ್ಟಲಿಲ್ಲ. ಒಂದು ತೊಟ್ಟು ನೀರಿನಲ್ಲಿ ಒಂದು ದೇಶದ ಜನಸಂಖ್ಯೆಯನ್ನು ಮೀರಿದ ಜೀವಿಗಳಿವೆಯೆಂದರೆ ಯಾರು ನಂಬುವರು? ಹೇಳುವವನಾದರೂ ಯಾರು? ಪದವಿಯಿಲ್ಲ, ಲ್ಯಾಟಿನ್ ಬಾರದು, ಸೂಕ್ಷ್ಮದರ್ಶಕವನ್ನು ಮಾಡುವ ಬಗೆಯನ್ನು ತಿಳಿಸಲೊಲ್ಲನು. ಅವನ ಐವತ್ತು ವರ್ಷಗಳ ದುಡಿಮೆಯೆಲ್ಲ ಈ ಒಂದು ಅಪನಂಬಿಕೆಯ ಬಂಡೆಗೆ ಬಡಿದು ಒಡೆದುಹೋಗಬಹುದಾಗಿತ್ತು.

ಲೀವೆನ್‌ಹಾಕನು ಇದಕ್ಕೆ ಕಂಡುಕೊಂಡ ಉಪಾಯ ಪುರಭವನದಲ್ಲಿ ಬಾಳಿದವನಿಗೆ ಹೊಳೆಯುವಂಥದು. ನ್ಯಾಯಸಭೆಯಲ್ಲಿ ಒಂದು ಸಂಗತಿ ಸ್ಥಾಪಿತವಾಗುವುದು ಸಾಕ್ಷಿಗಳಿಂದ; ನಂಬಲರ್ಹರಾದವರು ಕಂಡದ್ದನ್ನು ಬರೆದು ರುಜು ಹಾಕಿದರೆ ಅದು ಪ್ರಮಾಣ. ಅವನು ಇಬ್ಬರು ಧರ್ಮಬೋಧಕರು, ಒಬ್ಬ ದಸ್ತಾವೇಜುಗಾರನು ಇವರೇ ಮೊದಲಾದ ಎಂಟು ಮಂದಿ ಗೌರವಸ್ಥರನ್ನು ಕರೆದು ನೀರಿನ ತೊಟ್ಟನ್ನು ತೋರಿಸಿ, ತಾವು ಎಷ್ಟು ಜೀವಿಗಳನ್ನು ಕಂಡೆವೆಂದು ಒಬ್ಬೊಬ್ಬರಿಂದಲೂ ಬರೆಯಿಸಿ, ಆ ಪತ್ರಗಳನ್ನು 1677ರ ಅಕ್ಟೋಬರಿನಲ್ಲಿ ಲಂಡನ್ನಿಗೆ ಕಳುಹಿಸಿದನು. ಅದೇ ವೇಳೆಗೆ ರಾಯಲ್ ಸೊಸೈಟಿಯ ರಾಬರ್ಟ್ ಹುಕ್ ತಾನೇ ಮೆಣಸಿನ ನೀರನ್ನು ಸಿದ್ಧಪಡಿಸಿ ಪರೀಕ್ಷಿಸುತ್ತಿದ್ದನು. ಮೊದಲ ಸಲ ಏನೂ ಕಾಣಲಿಲ್ಲ. ನವೆಂಬರ್ 15ರಂದು ನೆರೆದ ಸದಸ್ಯರೆಲ್ಲರ ಕಣ್ಣಿಗೂ ಆ ಜೀವಿಗಳು ಕಂಡವು. ಸಂಶಯ ತೀರಿತು. 1680ರಲ್ಲಿ ರಾಯಲ್ ಸೊಸೈಟಿಯು ಡೆಲ್ಫ್ಟಿನ ಈ ನೌಕರನನ್ನು ತನ್ನ ಸದಸ್ಯನನ್ನಾಗಿ ಆರಿಸಿತು. ಅವನು ಅದರ ಸಭೆಗೆ ಒಮ್ಮೆಯೂ ಹೋಗಲಿಲ್ಲ.

ಸದಸ್ಯತ್ವ ಬಂದ ಮೇಲೂ ಕೋಣೆಯ ಬೀಗದ ಕೈಯನ್ನೂ ಪೀಪಾಯಿಯ ಅಳತೆಗೋಲನ್ನೂ ಅವನು ಬಿಡಲಿಲ್ಲ. ಅವನ ಪತ್ರಗಳನ್ನು ಓದುವಾಗ ಅಳತೆಗಾರನು ಎಲ್ಲೆಲ್ಲಿಯೂ ಇಣುಕುತ್ತಾನೆ. ಒಂದು ಜೀವಿ ಎಷ್ಟು ಚಿಕ್ಕದೆಂದು ಹೇಳಬೇಕಾದರೆ ಅವನು ಒಂದು ಮರಳಿನ ಕಣವನ್ನು ಪಕ್ಕದಲ್ಲಿಡುತ್ತಿದ್ದನು. ಕಣದ ಅಗಲದಲ್ಲಿ ಎಷ್ಟು ಜೀವಿಗಳು ಸಾಲಾಗಿ ನಿಲ್ಲಬಹುದೆಂದು ನೋಡಿ, ಆ ಸಂಖ್ಯೆಯನ್ನು ಅದರಿಂದಲೇ ಎರಡು ಸಲ ಗುಣಿಸಿ, ಕಣದ ಗಾತ್ರದಲ್ಲಿ ಎಷ್ಟು ಅಡಗುವುವೆಂದು ಲೆಕ್ಕ ಹೇಳುತ್ತಿದ್ದನು. 1679ರ ಒಂದು ಪತ್ರದಲ್ಲಿ, ಹಾಲೆಂಡಿನ ವಿಸ್ತೀರ್ಣವನ್ನೂ ಅದರ ಹತ್ತು ಲಕ್ಷ ಜನರನ್ನೂ ಮಾನವಾಗಿಟ್ಟುಕೊಂಡು, ಭೂಮಿಯಲ್ಲೆಲ್ಲ ಅಷ್ಟೇ ಒತ್ತಾಗಿ ಜನ ವಾಸಿಸಿದರೆ ಒಟ್ಟು 1,338 ಕೋಟಿ 50 ಲಕ್ಷ ಮಂದಿ ಇರಬಹುದೆಂದು ಎಣಿಸಿದನು. ಅಷ್ಟಕ್ಕೂ ಮಿಗಿಲಾದ ಸಂಖ್ಯೆಯ ಜೀವಾಣುಗಳು ಒಂದು ಮೀನಿನ ದೇಹದಲ್ಲಿವೆ ಎಂಬುದನ್ನು ಮನದಟ್ಟು ಮಾಡಲು ಈ ಲೆಕ್ಕ.

1674ರಲ್ಲಿ ರಕ್ತದ ಕೆಂಪು ಕಣಗಳನ್ನು ವರ್ಣಿಸಿದನು. 1683ರಲ್ಲಿ ಹಲ್ಲುಗಳ ಸಂದಿಯ ಬಿಳಿಯ ಕಿಟ್ಟವನ್ನು ತೆಗೆದು ನೋಡಿ ಅದರಲ್ಲಿಯೂ ಬ್ಯಾಕ್ಟೀರಿಯಾಗಳನ್ನು ಕಂಡನು. 1688ರಲ್ಲಿ ಕಪ್ಪೆಮರಿಯ ಬಾಲದಲ್ಲಿ ರಕ್ತವು ಅತಿ ಸಣ್ಣ ನಾಳಗಳ ಮೂಲಕ ಹರಿಯುವುದನ್ನು ವಿವರಿಸಿದನು. ಕಾಣಬರುವವರ ಸಂಖ್ಯೆ ಹೆಚ್ಚಿತು. 1698ರಲ್ಲಿ ರಷ್ಯದ ದೊರೆ ಪೀಟರನು ಡೆಲ್ಫ್ಟಿನ ಕಾಲುವೆಯಲ್ಲಿ ದೋಣಿ ನಿಲ್ಲಿಸಿ ಅವನನ್ನು ಕರೆಸಿಕೊಂಡನು; ಹಾವುಮೀನಿನ ಬಾಲದಲ್ಲಿ ರಕ್ತ ಓಡುವುದನ್ನು ನೋಡಿ ಆನಂದಪಟ್ಟನು. ಬಂದವರಿಗೆ ಲೀವೆನ್‌ಹಾಕನು ಸಾಧಾರಣವಾದ ಸೂಕ್ಷ್ಮದರ್ಶಕಗಳನ್ನು ತೋರಿಸುತ್ತಿದ್ದನು; ಅತ್ಯುತ್ತಮವಾದವು ಅವನೊಬ್ಬನ ಉಪಯೋಗಕ್ಕೆ. ತರುಣರಿಗೆ ಈ ವಿದ್ಯೆಯನ್ನು ಕಲಿಸಬಾರದೇ ಎಂದು ತತ್ತ್ವಜ್ಞಾನಿ ಲೈಬ್ನಿಟ್ಸನು ಪತ್ರ ಬರೆದು ಕೇಳಿದನು. ಅವನು ಒಪ್ಪಲಿಲ್ಲ. ಅವನ ನಂತರ ಬಹುಕಾಲ ಬ್ಯಾಕ್ಟೀರಿಯಾಗಳ ಅಧ್ಯಯನ ಮುಂದೆ ಸಾಗದಿರಲು ಈ ಹಟವೂ ಒಂದು ಕಾರಣವಾಯಿತೆನ್ನಬೇಕು.

ಕೋಣೆಯ ಪಾಲಕನ ಕೆಲಸವನ್ನು ಅವನು ಸುಮಾರು ನಲವತ್ತು ವರ್ಷ ಮಾಡಿದನು. ವಯಸ್ಸಾಗಿ ಅದರಿಂದ ನಿವೃತ್ತನಾದ ಮೇಲೂ ಪುರಸಭೆಯು ಸಂಬಳವನ್ನು ನಿಲ್ಲಿಸಲಿಲ್ಲ, ಕೊನೆಯವರೆಗೂ ಕೊಟ್ಟಿತು. ಮಗಳು ಮರಿಯಾ ಮದುವೆಯಾಗದೆ ತಂದೆಯ ಜೊತೆಯಲ್ಲಿಯೇ ಉಳಿದಳು. ಅವನು ರಾಯಲ್ ಸೊಸೈಟಿಗೆ ಬರೆದ ಪತ್ರಗಳು ಸುಮಾರು 190. ಎಲ್ಲವೂ ಡಚ್ ಭಾಷೆಯಲ್ಲಿ. ಹಾಸಿಗೆ ಹಿಡಿದ ಮೇಲೂ ತನ್ನ ರೋಗದ ಲಕ್ಷಣಗಳನ್ನು ಗಮನಿಸಿ ಲಂಡನ್ನಿಗೆ ಬರೆಯಿಸಿದನು. 1723ರ ಆಗಸ್ಟ್ 26ರಂದು ತೊಂಬತ್ತು ವರ್ಷ ತುಂಬಿದ ಲೀವೆನ್‌ಹಾಕನು ತೀರಿಕೊಂಡನು. ಡೆಲ್ಫ್ಟಿನ ಹಳೆಯ ಇಗರ್ಜಿಯಲ್ಲಿ ಅವನ ಸಮಾಧಿಯಿದೆ.

ಅವನ ಇಚ್ಛೆಯಂತೆ ಮರಿಯಾ 26 ಬೆಳ್ಳಿಯ ಸೂಕ್ಷ್ಮದರ್ಶಕಗಳನ್ನು ರಾಯಲ್ ಸೊಸೈಟಿಗೆ ಕಳುಹಿಸಿಕೊಟ್ಟಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅವು ಕಾಣೆಯಾದವು. ಉಳಿದ ನೂರಾರನ್ನು, ಮರಿಯಾ ಸತ್ತ ತರುವಾಯ, 1747ರಲ್ಲಿ ಡೆಲ್ಫ್ಟಿನಲ್ಲಿಯೇ ಹರಾಜು ಹಾಕಿದರು. ಈಗ ಜಗತ್ತಿನಲ್ಲಿ ಉಳಿದಿರುವವು ಹನ್ನೆರಡರ ಆಸುಪಾಸು. ಬಾಗಿಲು ತೆರೆಯುವುದು, ಬೆಂಕಿ ಹೂಡುವುದು, ಉಳಿದ ಇದ್ದಿಲನ್ನು ಮನೆಗೆ ಒಯ್ಯುವುದು ಎಂದು ವಿಧಿಸಿದ 1660ರ ಆದೇಶ ಮಾತ್ರ ಊರಿನ ದಾಖಲೆಗಳ ನಡುವೆ ಉಳಿದುಕೊಂಡಿತು.